ಭಾರ ಎಲ್ಲಿಗೆ ಹೋಗುತ್ತೆ, ಶತ್ರು ಎಲ್ಲಿಂದ ಬರುತ್ತಾನೆ: ಕಲಬುರಗಿ–ಬೀದರ್ ಕಟ್ಟಡ ನೋಡುವ ಬಗೆ

ಬೇಲೂರು, ಹಳೇಬೀಡು ನೋಡಿ ಮನಸ್ಸು ತುಂಬಿಸಿಕೊಂಡವರು ಕಲಬುರಗಿ, ಬೀದರಿಗೆ ಹೋಗಿ ಬಂದ ಮೇಲೆ ಕೇಳುವುದು ಒಂದೇ ಪ್ರಶ್ನೆ. "ಅಲ್ಲಿ ನೋಡೋಕೆ ಏನಿದೆ? ಗೋಡೆ, ಗುಮ್ಮಟ, ಮತ್ತೆ ಗೋಡೆ. ಅರ್ಧ ಗಂಟೆಗೆ ಮುಗಿದೇ ಹೋಯ್ತು." ಈ ಮಾತು ಎಷ್ಟು ಸಲ ಬಂದಿದೆ ಅಂದ್ರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಗುಡಿ ನೋಡುವ ಅಭ್ಯಾಸ ನಮಗೆ ಚಿಕ್ಕಂದಿನಿಂದ ಇದೆ. ಗೋಡೆಯ ಮೇಲೆ ರಾಮಾಯಣ ಇರುತ್ತದೆ, ಆನೆಗಳ ಸಾಲು ಇರುತ್ತದೆ, ಕಣ್ಣಿಗೆ ತಾನಾಗಿ ಹಿಡಿತ ಸಿಗುತ್ತದೆ. ಮಸೀದಿಯಲ್ಲಿ ಮೂರ್ತಿ ಇಲ್ಲ. ಕೋಟೆಯ ಗೋಡೆಯ ಮೇಲೆ ಕಥೆ ಇಲ್ಲ. ಅಲ್ಲಿ ಕಲ್ಲು ಮಾಡುತ್ತಿರುವ ಕೆಲಸವನ್ನು ನೋಡಬೇಕು. ಅದಕ್ಕೆ ಎರಡು ಪ್ರಶ್ನೆ ಜೇಬಲ್ಲಿಟ್ಟುಕೊಂಡು ಹೋದರೆ ಸಾಕು. ಮಸೀದಿ, ಗೋರಿಗಳ ಒಳಗೆ ನಿಂತಾಗ: ಈ ಭಾರ ಎಲ್ಲಿಗೆ ಹೋಗುತ್ತಿದೆ? ಕೋಟೆಯ ಮುಂದೆ ನಿಂತಾಗ: ಶತ್ರು ಎಲ್ಲಿಂದ ಬರುತ್ತಾನೆ?

ಹಿನ್ನೆಲೆ ಇಷ್ಟು ಗೊತ್ತಿದ್ದರೆ ಸಾಕು. 1347ರಲ್ಲಿ ಬಹಮನಿ ರಾಜ್ಯ ಶುರುವಾಯಿತು. ರಾಜಧಾನಿ ಕಲಬುರಗಿ. 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಹಾಗಾಗಿ ಮೊದಲು ಕಲಬುರಗಿ, ಆಮೇಲೆ ಬೀದರ್ ನೋಡಿ. ಒಂದೇ ಕೈ ಹೇಗೆ ಪಳಗುತ್ತಾ ಹೋಯಿತು ಅನ್ನೋದು ಆ ಕ್ರಮದಲ್ಲೇ ಕಾಣುವುದು. ಎರಡೂ ಊರಿನ ನಡುವೆ ಈಗ ನೇರ ರೈಲು ಮಾರ್ಗ ಇದೆ.

ಹೊರಡುವ ಮುನ್ನ

ಬೇಕಾಗೋದು ಜಾಸ್ತಿ ಏನಿಲ್ಲ. ಒಂದು ಟಾರ್ಚು, ಯಾಕಂದ್ರೆ ಗುಮ್ಮಟದ ಮೂಲೆಗಳು ಕತ್ತಲಲ್ಲಿರುತ್ತವೆ. ದುರ್ಬೀನು ಇದ್ದರೆ ಒಳ್ಳೆಯದು. ದಿಕ್ಕು ತೋರಿಸುವ ಮೊಬೈಲು. ತಲೆ ಮುಚ್ಚಿಕೊಳ್ಳೋಕೆ ಒಂದು ಬಟ್ಟೆ, ಸುಲಭವಾಗಿ ಕಳಚಬಹುದಾದ ಚಪ್ಪಲಿ. ನೀರಿನ ಬಾಟಲಿ ಒಂದಲ್ಲ, ಎರಡು. ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಕೋಟೆ ಸುತ್ತುವ ಸಾಹಸ ಬೇಡ.

ಎಚ್ಚರಿಕೆ: ಶುಕ್ರವಾರ ಮಧ್ಯಾಹ್ನ ಮಸೀದಿಗೆ ಹೋಗೋದನ್ನು ತಪ್ಪಿಸಿ. ನಮಾಜಿನ ಹೊತ್ತಿನಲ್ಲಿ ಹೊರಗೇ ಕಾಯಿರಿ. ಬಾಗಿಲಲ್ಲಿ ಕೂತ ಹಿರಿಯರನ್ನು "ಒಳಗ ನೋಡಬಹುದೇನ್ರಿ?" ಅಂತ ಒಂದು ಮಾತು ಕೇಳಿ. ಕೇಳಿದವರಿಗೆ ಅವರೇ ಎದ್ದು ಬಂದು ತೋರಿಸಿದ್ದನ್ನು ನಾನು ಕಂಡಿದ್ದೇನೆ.

ಹಂತ 1: ಮನೆಯಲ್ಲೇ ಎರಡು ಪ್ರಯೋಗ

ಈ ಹಂತವನ್ನು ದಯವಿಟ್ಟು ಹಾರಿಸಬೇಡಿ. ಐದು ನಿಮಿಷದ ಕೆಲಸ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಎರಡು ತೆಳು ನೋಟ್‌ಬುಕ್ಕುಗಳನ್ನು ಅರ್ಧ ಗೇಣು ಅಂತರದಲ್ಲಿ ಮೇಜಿನ ಮೇಲಿಡಿ. ಮದುವೆ ಕರೆಯೋಲೆಯಂಥ ಗಟ್ಟಿ ಕಾಗದವನ್ನು ಬಗ್ಗಿಸಿ ಅವುಗಳ ನಡುವೆ ಕಮಾನಿನ ಹಾಗೆ ಸಿಕ್ಕಿಸಿ. ಈಗ ನೆತ್ತಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಪುಸ್ತಕಗಳು ಆಚೀಚೆ ಸರಿಯುತ್ತವೆ. ನೀವು ಒತ್ತಿದ್ದು ಕೆಳಕ್ಕೆ, ಅವು ಸರಿದದ್ದು ಪಕ್ಕಕ್ಕೆ. ಕಮಾನಿನ ಗುಟ್ಟು ಇಷ್ಟೇ. ಮೇಲಿನ ಭಾರವನ್ನು ಅದು ಪಕ್ಕಕ್ಕೆ ತಳ್ಳುತ್ತದೆ. ಆ ತಳ್ಳಾಟವನ್ನು ತಡೆಯೋಕೆ ಏನಾದರೂ ಬೇಕು. ನೋಟ್‌ಬುಕ್ಕಿನ ಜಾಗದಲ್ಲಿ ದಪ್ಪ ನಿಘಂಟು ಇಟ್ಟು ನೋಡಿ, ಅಲ್ಲಾಡುವುದಿಲ್ಲ. ಹಳೆಯ ಕಟ್ಟಡದ ಗೋಡೆ ಯಾಕೆ ಅಷ್ಟು ದಪ್ಪ ಅನ್ನೋದಕ್ಕೆ ಉತ್ತರ ಈ ಮೇಜಿನ ಮೇಲೇ ಇದೆ.

ನಮ್ಮ ಗುಡಿಗಳಲ್ಲಿ ಭಾರ ಇಳಿಯುವ ದಾರಿ ಬೇರೆ. ಎರಡು ಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಕಲ್ಲಿನ ತೊಲೆ. ಭಾರ ನೇರ ಕೆಳಗೆ ಇಳಿಯುತ್ತದೆ, ಪಕ್ಕಕ್ಕೆ ತಳ್ಳುವುದಿಲ್ಲ. ಆದರೆ ಕಲ್ಲಿನ ತೊಲೆ ಉದ್ದವಾದಷ್ಟೂ ನಡುವಿನಲ್ಲಿ ಬಿರುಕು ಬಿಡುವ ಭಯ. ಆದ್ದರಿಂದಲೇ ಗುಡಿಯ ಅಂಕಣಗಳು, ಅಂದರೆ ನಾಲ್ಕು ಕಂಬಗಳ ನಡುವಿನ ಜಾಗ, ಚಿಕ್ಕದಾಗಿರುತ್ತವೆ. ಕಮಾನು ಕಟ್ಟೋಕೆ ಉದ್ದ ಕಲ್ಲು ಬೇಡ. ಚಿಕ್ಕ ಚಿಕ್ಕ ಕಲ್ಲು, ನಡುವೆ ಗಾರೆ, ನೆತ್ತಿಯಲ್ಲಿ ಒಂದು ಬೀಗದ ಕಲ್ಲು. ಅಂಕಣ ಎಷ್ಟೋ ಅಗಲವಾಗಬಹುದು. ಅದರ ಬೆಲೆ ಅಂದರೆ ಆ ಪಕ್ಕದ ತಳ್ಳಾಟ.

ಎರಡನೆಯ ಪ್ರಯೋಗ. ಮುಚ್ಚಳವಿಲ್ಲದ ಚೌಕದ ಡಬ್ಬದ ಮೇಲೆ ಅದರಷ್ಟೇ ಅಗಲದ ಬಟ್ಟಲನ್ನು ಬೋರಲು ಹಾಕಿ. ಬಟ್ಟಲು ನಾಲ್ಕೇ ಕಡೆ ಡಬ್ಬಕ್ಕೆ ತಾಗುತ್ತದೆ. ನಾಲ್ಕು ಮೂಲೆಯಲ್ಲಿ ನಾಲ್ಕು ತೂತು. ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸಲು ಹೊರಟವರಿಗೆಲ್ಲ ಬಂದ ತಲೆನೋವು ಇದೇ. ಈ ನಾಲ್ಕು ತೂತು ನೆನಪಿರಲಿ, ಹಂತ 4ರಲ್ಲಿ ಬೇಕಾಗುತ್ತದೆ.

ಹಂತ 2: ಮೊದಲು ಪಶ್ಚಿಮ ಹುಡುಕಿ

ಮಸೀದಿಗೆ ಕಾಲಿಟ್ಟ ಕೂಡಲೇ ಪಶ್ಚಿಮ ಯಾವುದು ನೋಡಿಕೊಳ್ಳಿ. ನಮ್ಮ ದೇಶದಿಂದ ಮೆಕ್ಕಾ ಪಶ್ಚಿಮಕ್ಕಿದೆ. ಪ್ರಾರ್ಥನೆಯ ದಿಕ್ಕನ್ನು ಕಿಬ್ಲಾ ಅನ್ನುತ್ತಾರೆ. ಪಶ್ಚಿಮದ ಗೋಡೆಯಲ್ಲಿ ಒಂದು ಗೂಡು ಇರುತ್ತದೆ, ಅದು ಮೆಹ್ರಾಬ್. ಅದರ ಬಲಕ್ಕೆ ಮೆಟ್ಟಿಲಿರುವ ಪೀಠ ಇದ್ದರೆ ಅದು ಮಿಂಬರ್, ಶುಕ್ರವಾರದ ಪ್ರವಚನಕ್ಕೆ. ಮೆಹ್ರಾಬಿನ ಒಳಗೆ ಮೂರ್ತಿ ಇಡುವುದಿಲ್ಲ. ಅದು ದಿಕ್ಕು ತೋರಿಸುವ ಗುರುತು, ಅಷ್ಟೇ. ಗರ್ಭಗುಡಿಯ ಜೊತೆ ಹೋಲಿಸಿ ನೋಡಿದರೆ ದಾರಿ ತಪ್ಪುತ್ತೀರಿ. ಗುಡಿಯಲ್ಲಿ ನಾವು ಬೆಳಕಿನಿಂದ ಕತ್ತಲಿಗೆ, ದೊಡ್ಡದರಿಂದ ಚಿಕ್ಕದಕ್ಕೆ ಸಾಗುತ್ತೇವೆ. ಮಸೀದಿಯಲ್ಲಿ ಎಲ್ಲರೂ ಒಂದೇ ಗೋಡೆಗೆ ಮುಖಮಾಡಿ ಸಾಲಾಗಿ ನಿಲ್ಲಬೇಕು. ಅದಕ್ಕೆ ಬೇಕಾದದ್ದು ಅಗಲ.

ಹಂತ 3: ಕಲಬುರಗಿ ಕೋಟೆಯ ಜಾಮಾ ಮಸೀದಿ

ಇಲ್ಲಿಗೆ ಕನಿಷ್ಠ ಒಂದೂವರೆ ಗಂಟೆ ಇಡಿ. ನನ್ನನ್ನು ಕೇಳಿದರೆ ದಖ್ಖನಿನಲ್ಲಿ ಇದಕ್ಕೆ ಸಾಟಿಯಾದ ಒಳಾಂಗಣ ಇನ್ನೊಂದಿಲ್ಲ.

1367ರಲ್ಲಿ, ಒಂದನೆಯ ಮುಹಮ್ಮದ್ ಷಾನ ಕಾಲದಲ್ಲಿ ಕಟ್ಟಿದ್ದು. ಕಟ್ಟಿದವನೆಂದು ಶಾಸನದಲ್ಲಿ ಸಿಗುವ ಹೆಸರು ರಫಿ, ಇರಾನಿನ ಕಜ್ವೀನ್ ಊರಿನ ಮೂಲದವನು. ಅಳತೆ ಸುಮಾರು 216 ಅಡಿಗೆ 176 ಅಡಿ. ಅಂದರೆ 38 ಸಾವಿರ ಚದರ ಅಡಿ. ಇಷ್ಟೂ ಜಾಗಕ್ಕೆ ಚಾವಣಿ ಇದೆ. ಗಮನಿಸಬೇಕಾದ ಮೊದಲ ಸಂಗತಿ ಇದೇ. ಸಾಮಾನ್ಯವಾಗಿ ದೊಡ್ಡ ಮಸೀದಿ ಅಂದರೆ ನಡುವೆ ತೆರೆದ ಅಂಗಳ, ಸುತ್ತ ಮೊಗಸಾಲೆ. ಇಲ್ಲಿ ಅಂಗಳವೇ ಇಲ್ಲ. ಅಂಗಳ ಇರಬೇಕಾದ ಜಾಗವನ್ನೂ ಅಂಕಣಗಳಾಗಿ ಹಂಚಿ, ಒಂದೊಂದರ ಮೇಲೂ ಒಂದೊಂದು ಚಿಕ್ಕ ಗುಮ್ಮಟ ಕೂರಿಸಿದ್ದಾರೆ. ನಾಲ್ಕು ಮೂಲೆಗೆ ಸ್ವಲ್ಪ ದೊಡ್ಡವು. ಮೆಹ್ರಾಬಿನ ಮುಂದೆ ಎಲ್ಲಕ್ಕಿಂತ ಎತ್ತರದ್ದು.

ನೋಡುವ ಕ್ರಮ ಹೀಗಿರಲಿ.

ಮೊದಲು ಒಳಗೆ ನಡುಮಧ್ಯದ ಒಂದು ಅಂಕಣದಲ್ಲಿ ನಿಂತು ತಲೆಯೆತ್ತಿ. ಈ ಚಿಕ್ಕ ಗುಮ್ಮಟ ನಾಲ್ಕೂ ಕಡೆಗೆ ತಳ್ಳುತ್ತಿದೆ, ಸರಿ ತಾನೆ? ಆದರೆ ಪಕ್ಕದ ಗುಮ್ಮಟವೂ ಇದರ ಕಡೆಗೆ ತಳ್ಳುತ್ತಿದೆ. ಎರಡೂ ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಹಾಗಾಗಿ ನಡುವಿನ ಕಂಬಗಳು ಅಷ್ಟು ದಪ್ಪ ಇರಬೇಕಿಲ್ಲ. ಸಾಲಿನ ಕೊನೆಯವನಿಗೆ ಮಾತ್ರ ಆಚೆ ಬದಿಯಲ್ಲಿ ಹೆಗಲು ಕೊಡುವವರಿಲ್ಲ.

ಈಗ ಅಲ್ಲಿಂದ ನಿಧಾನವಾಗಿ ಅಂಚಿನ ಕಡೆ ನಡೆಯಿರಿ. ಉತ್ತರ, ದಕ್ಷಿಣ, ಪೂರ್ವದ ಮೊಗಸಾಲೆಗೆ ಬಂದಾಗ ಕಮಾನಿನ ಸ್ವರೂಪವೇ ಬದಲಾಗುತ್ತದೆ. ತುಂಬಾ ಅಗಲ, ಮತ್ತೆ ಕಮಾನು ಶುರುವಾಗುವ ಜಾಗ ತೀರ ಕೆಳಗೆ. ಮೊದಲ ಸಲ ನೋಡಿದಾಗ ಕಂಬವನ್ನು ನೆಲದಲ್ಲಿ ಅರ್ಧ ಹೂತಂತೆ ಅನ್ನಿಸುತ್ತದೆ. ಇಂಥ ಅಗಲದ ತಗ್ಗು ಕಮಾನನ್ನು ಹಿಡಿದು ನಿಲ್ಲಿಸೋಕೆ ಕಾಲುಗಳು ಗಡುಸಾಗಿರಬೇಕು. ಕೈಯಗಲಿಸಿ ನಿಂತು ಕಾಲಿನ ದಪ್ಪ ಅಂದಾಜು ಮಾಡಿ, ಒಳಗಿನ ಕಂಬದ ಜೊತೆ ಹೋಲಿಸಿ. ಮನೆಯ ನೋಟ್‌ಬುಕ್ಕು ಮತ್ತು ನಿಘಂಟು ಎರಡೂ ಇಲ್ಲಿ ಎದುರುಬದುರಾಗಿ ನಿಂತಿವೆ.

ಮೂರನೆಯದು ಬೆಳಕು. ಅಂಗಳ ಇಲ್ಲದ ಮೇಲೆ ಒಳಗೆ ಕತ್ತಲಾಗಬೇಕಿತ್ತಲ್ವಾ? ಬದಿಯ ತೆರೆದ ಕಮಾನುಗಳಿಂದ ಬೆಳಕು ನೆಲಮಟ್ಟದಲ್ಲೇ ಒಳಗೆ ಹರಿಯುತ್ತದೆ. ಮೆಹ್ರಾಬಿನ ಮುಂದಿನ ದೊಡ್ಡ ಗುಮ್ಮಟವನ್ನು ಚಾವಣಿಯಿಂದ ಮೇಲಕ್ಕೆತ್ತಿ ಕೂರಿಸಿದ್ದಾರೆ. ಬೆಳಗ್ಗೆ ಒಂಬತ್ತರ ಒಳಗೆ ಹೋಗಿ, ಪೂರ್ವದ ಮೊಗಸಾಲೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಬಿಳಿ ಗಾರೆಯ ಮೇಲೆ ಬೆಳಕು ಜಾರುತ್ತಾ ಒಂದು ಕಮಾನಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಕಾಣುತ್ತದೆ. ಅಲ್ಲಿ ಸುಮ್ನೆ ಐದು ನಿಮಿಷ ನಿಂತುಬಿಡಿ. ಫೋಟೋ ಆಮೇಲೆ.

ಎಚ್ಚರಿಕೆ: "ಇದು ಸ್ಪೇನಿನ ಕಾರ್ಡೋಬಾ ಮಸೀದಿಯ ನಕಲು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾರ್ಡೋಬಾದಲ್ಲಿ ದೊಡ್ಡ ತೆರೆದ ಅಂಗಳ ಇದೆ. ಅಲ್ಲಿನ ಕಮಾನುಗಳು ಕುದುರೆ ಲಾಳದ ಆಕಾರದವು, ಒಂದರ ಮೇಲೊಂದು ಎರಡು ಅಂತಸ್ತು. ಇಲ್ಲಿನವು ಚೂಪು ನೆತ್ತಿಯವು, ಒಂದೇ ಅಂತಸ್ತು. ಕಮಾನುಗಳ ಸಾಲು ಕಾಡಿನಂತೆ ಕಾಣುವುದು ಬಿಟ್ಟರೆ ಹೋಲಿಕೆ ಅಷ್ಟಕ್ಕಷ್ಟೇ. ಕಲಬುರಗಿಯ ಕೆಲಸವನ್ನು ಕಲಬುರಗಿಯದ್ದಾಗಿಯೇ ನೋಡಿ. ಅದಕ್ಕೆ ದೂರದ ಊರಿನ ಹೆಸರಿನ ಆಸರೆ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ: ಹಳೆಯ ಮಸೀದಿ ಅಂದರೆ ಕಮಾನು ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. ವಿಜಯಪುರದ ಕರೀಮುದ್ದೀನ್ ಮಸೀದಿ 1320ರದ್ದು, ಇದಕ್ಕಿಂತ ಹಳೆಯದು. ಅದು ಗುಡಿಯ ಕಂಬಗಳನ್ನು ತಂದು ಕಂಬ–ತೊಲೆ ಪದ್ಧತಿಯಲ್ಲೇ ಕಟ್ಟಿದ್ದು. ಎರಡನ್ನೂ ನೋಡಿದವರಿಗೆ ನಡುವಿನ ಆ 47 ವರ್ಷದಲ್ಲಿ ಎಷ್ಟು ಬದಲಾಯಿತು ಅನ್ನುವುದು ಯಾರೂ ಹೇಳದೆ ಗೊತ್ತಾಗುತ್ತದೆ.

ಹಂತ 4: ಗುಮ್ಮಟದ ಮೂಲೆಗೆ ಟಾರ್ಚು ಬಿಡಿ

ಕಲಬುರಗಿಯ ಹಫ್ತ್ ಗುಂಬಜ್‌ಗೆ ಹೋಗಿ. ಹಫ್ತ್ ಅಂದರೆ ಏಳು. ಬಹಮನಿ ಸುಲ್ತಾನರು ಮತ್ತು ಅವರ ಮನೆತನದವರ ಗೋರಿಗಳು ಇಲ್ಲಿವೆ. ಒಳಗೆ ಹೋದ ಮೇಲೆ ಎಲ್ಲರೂ ನೆತ್ತಿಯನ್ನು ನೋಡುತ್ತಾರೆ. ನೀವು ಮೂಲೆ ನೋಡಿ. ಗೋಡೆ ಮುಗಿದು ಗುಮ್ಮಟ ಶುರುವಾಗುವ ಜಾಗಕ್ಕೆ ಟಾರ್ಚು ಬಿಡಿ. ಪ್ರತಿ ಮೂಲೆಗೂ ಅಡ್ಡಲಾಗಿ ಒಂದು ಚಿಕ್ಕ ಕಮಾನು ಕಾಣುತ್ತದೆ. ಡಬ್ಬದ ಮೇಲಿನ ಆ ನಾಲ್ಕು ತೂತನ್ನು ಮುಚ್ಚಿದ್ದು ಇದೇ. ನಾಲ್ಕು ಗೋಡೆ, ನಾಲ್ಕು ಮೂಲೆಗಮಾನು, ಸೇರಿ ಎಂಟು ಮುಖ. ಎಂಟು ಮುಖದ ಮೇಲೆ ದುಂಡನೆಯದನ್ನು ಕೂರಿಸೋದು ಕಷ್ಟವಲ್ಲ.

ನಮ್ಮ ಗುಡಿಯ ಭುವನೇಶ್ವರಿ ನೆನಪಾಯಿತೇ? ನವರಂಗದ ನಡುವಿನ ಆ ಕೆತ್ತನೆಯ ಚಾವಣಿಯಲ್ಲೂ ಚೌಕದ ಮೂಲೆಗಳಿಗೆ ಅಡ್ಡಕಲ್ಲು ಇಟ್ಟು, ಎಂಟು ಮೂಲೆ ಮಾಡಿಕೊಂಡು, ಮೇಲೆ ದುಂಡು ತಂದಿರುತ್ತಾರೆ. ತೊಡಕು ಒಂದೇ. ಅಲ್ಲಿ ಅಡ್ಡಕಲ್ಲಿನಿಂದ ಬಿಡಿಸಿದರು, ಇಲ್ಲಿ ಕಮಾನಿನಿಂದ. ಇದನ್ನು ಒಮ್ಮೆ ಕಂಡುಕೊಂಡ ಮೇಲೆ ನಾನು ಯಾವ ಗುಮ್ಮಟದೊಳಗೆ ಹೋದರೂ ಮೊದಲು ಕತ್ತೆತ್ತುವುದು ಮೂಲೆಗೇ.

ಇದೇ ಲೆಕ್ಕ ವಿಜಯಪುರದ ಗೋಳಗುಮ್ಮಟದಲ್ಲಿ ಎಲ್ಲಿಗೆ ಹೋಯಿತು ನೋಡಿ. ಅದು 1656ರದ್ದು. ಹಜಾರದ ಒಂದು ಬದಿ ಸುಮಾರು 41 ಮೀಟರು. ಇಷ್ಟು ಅಗಲಕ್ಕೆ ಮೂಲೆಗೊಂದು ಚಿಕ್ಕ ಕಮಾನು ಸಾಲುವುದಿಲ್ಲ. ಅದಕ್ಕೆ ಎಂಟು ದೊಡ್ಡ ಕಮಾನುಗಳನ್ನು ಒಂದರೊಳಗೊಂದು ಹೆಣೆದು, ಅವು ಒಳಕ್ಕೆ ಬಾಗಿ ಜಾಗವನ್ನು ಕಿರಿದು ಮಾಡುವಂತೆ ಕಟ್ಟಿದರು. ಅದರ ಮೇಲೆ ಕೂತಿರುವ ಗುಮ್ಮಟದ ಒಳ ಅಗಲವೇ ಸುಮಾರು 38 ಮೀಟರು. ಪಿಸುಗುಟ್ಟುವ ಮೊಗಸಾಲೆಗೆ ಓಡುವ ಮುಂಚೆ ಕೆಳಗೆ ನಿಂತು ಈ ಹೆಣಿಗೆಯನ್ನು ಕಣ್ಣಿನಿಂದಲೇ ಒಂದು ಸುತ್ತು ಹಾಕಿ.

ಹಫ್ತ್ ಗುಂಬಜಿನ ಹೊರಗೆ ಇನ್ನೊಂದು ಪಾಠ ಇದೆ. ಮೊದಮೊದಲ ಗೋರಿಗಳ ಗೋಡೆ ನೆಟ್ಟಗಿಲ್ಲ, ಮೇಲಕ್ಕೆ ಹೋದಂತೆ ಒಳಕ್ಕೆ ವಾಲುತ್ತದೆ. ಗುಮ್ಮಟವೂ ತಗ್ಗು. ಇದು ದಿಲ್ಲಿಯ ತುಘಲಕರ ಕಾಲದ ರೂಢಿ. 1422ರಲ್ಲಿ ತೀರಿಹೋದ ಫಿರೋಜ್ ಷಾನ ಗೋರಿಗೆ ಬರುವ ಹೊತ್ತಿಗೆ ಕಟ್ಟಡ ದೊಡ್ಡದಾಗಿದೆ, ಜೋಡಿ ಕೋಣೆ, ಜೋಡಿ ಗುಮ್ಮಟ. ಗಾರೆಯಲ್ಲಿ ಬಿಡಿಸಿದ ಅಲಂಕಾರವೂ ಜಾಸ್ತಿ. ಇನ್ನೂ ಮುಂದೆ, 1626ರ ಹೊತ್ತಿನ ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಗುಮ್ಮಟ ಉಬ್ಬಿದ ಮೊಗ್ಗಿನಂತಾಗಿ, ಬುಡದಲ್ಲಿ ಕಮಲದ ಎಸಳು ಬಂದಿರುತ್ತದೆ. ಒಳಕ್ಕೆ ವಾಲಿದ ಗೋಡೆ, ತಗ್ಗು ಗುಮ್ಮಟ ಅಂದರೆ ಮುಂಚಿನದು. ಎಸಳಿನ ಮೇಲೆ ಕೂತ ಮೊಗ್ಗು ಅಂದರೆ ಬಹಳ ಆಮೇಲಿನದು. ಬಣ್ಣ ನೋಡಿ, ಗಾರೆ ನೋಡಿ ಕಾಲ ಹೇಳೋಕೆ ಹೋಗಬೇಡಿ. ಗಾರೆ ಹೋದ ವರ್ಷ ಮೆತ್ತಿದ್ದೂ ಇರಬಹುದು.

ಯುರೋಪಿಗೆ ಹೋಗುವ ಓದುಗರು ಚರ್ಚು ನೋಡುವಾಗ ಏನು ಮಾಡೋದು ಅಂತ ಕೇಳುತ್ತಿರುತ್ತಾರೆ. ಅದೇ ನೋಟ್‌ಬುಕ್ಕಿನ ಪ್ರಯೋಗ ಅಲ್ಲೂ ಸಾಕು. 1194ರ ಬೆಂಕಿಯ ನಂತರ ಮತ್ತೆ ಕಟ್ಟಿದ ಫ್ರಾನ್ಸಿನ ಶಾರ್ತ್ರ್ ಚರ್ಚಿನಲ್ಲಿ ಗೋಡೆಯ ತುಂಬ ಬಣ್ಣದ ಗಾಜು. ಗಾಜಿನ ಗೋಡೆ ತಳ್ಳಾಟ ತಡೆಯಲಾರದು. ಹಾಗಾಗಿ ಹೊರಗಿನಿಂದ ಕಲ್ಲಿನ ತೋಳುಗಳನ್ನು ಊರುಗೋಲಿನಂತೆ ಒರಗಿಸಿದ್ದಾರೆ. ಒಳಗೆ ಎಷ್ಟು ಹೊತ್ತು ಕಳೆಯುತ್ತೀರೋ ಅಷ್ಟೇ ಹೊತ್ತು ಹೊರಗೂ ಸುತ್ತಿ ಬನ್ನಿ.

ಹಂತ 5: ಬೀದರ್ ಕೋಟೆಗೆ ಶತ್ರುವಾಗಿ ಹೋಗಿ

ಈಗ ಪ್ರಶ್ನೆ ಬದಲಿಸಿ. ಕೋಟೆಯನ್ನು ಒಳಗಿನಿಂದ ನೋಡೋಕೆ ಶುರು ಮಾಡಬೇಡಿ. ಬಹಳ ಜನ ಗಾಡಿಯಲ್ಲಿ ನೇರ ಒಳಗೆ ಹೋಗಿ ಇಳಿಯುತ್ತಾರೆ, ಅರ್ಧ ಕೋಟೆ ಅಲ್ಲೇ ತಪ್ಪಿಹೋಗುತ್ತದೆ. ಹೊರಗೇ ಇಳಿದು ನಡೆಯಿರಿ. ಕೋಟೆ ಮುರಿಯಲು ಬಂದವನ ಕಣ್ಣಿನಿಂದ ನೋಡಿ.

ಅಹ್ಮದ್ ಷಾ ಈ ಕೋಟೆಯನ್ನು 1429ರಿಂದ 1432ರ ನಡುವೆ ಕಟ್ಟಿಸಿದ. ಬೀದರ್ ಇರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಕರಾವಳಿಯವರು ಮುರಕಲ್ಲು ಅನ್ನೋದು ಇದನ್ನೇ. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಉತ್ತರ ಮತ್ತು ಪೂರ್ವಕ್ಕೆ ದಿಬ್ಬವೇ ಕಡಿದಾಗಿ ಇಳಿಯುತ್ತದೆ, ಅಲ್ಲಿ ಶತ್ರುವಿಗೆ ಕೆಲಸವಿಲ್ಲ. ಸಮತಟ್ಟು ನೆಲ ಇರುವುದು ಊರಿನ ಕಡೆಗೆ. ದಾಳಿ ಬರುವುದಾದರೆ ಇಲ್ಲಿಂದಲೇ ಬರಬೇಕು. ಈಗ ಆ ಬದಿಯ ಕಂದಕ ನೋಡಿ. ಒಂದಲ್ಲ, ಮೂರು. ಬಂಡೆಯನ್ನು ಕಡಿಯುವಾಗ ನಡುವೆ ಎರಡು ಗೋಡೆಯಷ್ಟು ಕಲ್ಲನ್ನು ಹಾಗೇ ಬಿಟ್ಟು, ಒಂದೇ ಹಳ್ಳವನ್ನು ಮೂರು ಮಾಡಿದ್ದಾರೆ. ಒಂದನ್ನು ದಾಟಿ ಹತ್ತಿದವನು ಮತ್ತೆ ಇಳಿಯಬೇಕು, ಮತ್ತೆ ಹತ್ತಬೇಕು, ಅಷ್ಟೂ ಹೊತ್ತು ಮೇಲಿನವರ ಕಣ್ಣಿಗೆ ಬಯಲಾಗಿ.

ನಂತರ ಬಾಗಿಲು. ನೇರ ದಾರಿ ಎಲ್ಲೂ ಇಲ್ಲ ಅನ್ನೋದನ್ನು ನಡೆಯುತ್ತಲೇ ಗಮನಿಸಿ. ಒಂದು ಬಾಗಿಲು ದಾಟಿದರೆ ತಿರುವು, ತಿರುವಿನಾಚೆ ಇನ್ನೊಂದು ಬಾಗಿಲು. ಬಾಗಿಲು ಮುರಿಯಲು ಆನೆ ಬೇಕು, ಆನೆಗೆ ಓಡಿ ಬರಲು ಜಾಗ ಬೇಕು. ತಿರುವು ಆ ಜಾಗವನ್ನೇ ಕಸಿದುಕೊಳ್ಳುತ್ತದೆ. ಎರಡು ಬಾಗಿಲ ನಡುವಿನ ಓಣಿಯಲ್ಲಿ ನಿಂತು ಸುತ್ತ ತಲೆಯೆತ್ತಿ ನೋಡಿ. ಎಲ್ಲ ಕಡೆ ಎತ್ತರದ ಗೋಡೆ. ಒಳಗೆ ನುಗ್ಗಿದವನು ಬಾವಿಯಲ್ಲಿ ಬಿದ್ದಂತೆ.

ಶರ್ಜಾ ದರ್ವಾಜದ ಮೇಲೆ ಎರಡು ಸಿಂಹಗಳ ಉಬ್ಬು ಕೆತ್ತನೆ ಇದೆ. ಶರ್ಜಾ ಅನ್ನುವ ಹೆಸರು ಅದರಿಂದಲೇ ಬಂದಿದ್ದು. ಇಲ್ಲಿನ ಶಾಸನ 1503ರದ್ದು. ಮುಂದಿನದು ಗುಂಬದ್ ದರ್ವಾಜ. ಹೆಸರೇ ಹೇಳುವಂತೆ ಗುಮ್ಮಟದ ಬಾಗಿಲು. ಇಲ್ಲಿ ಮತ್ತೆ ಟಾರ್ಚು ತೆಗೆದು ಮೂಲೆ ನೋಡಿ.

ಈಗ ಗೋಡೆಯ ಮೇಲ್ಭಾಗ. ಕೆಲವು ಪದ ಗೊತ್ತಿದ್ದರೆ ಅನುಕೂಲ. ಗೋಡೆಯ ನೆತ್ತಿಯಲ್ಲಿ ಹಲ್ಲಿನಂತೆ ಸಾಲಾಗಿ ಇರುವುದು ತೆನೆ, ಸೈನಿಕ ಮರೆಯಾಗುವುದು ಅದರ ಹಿಂದೆ. ಗೋಡೆಯಿಂದ ಮುಂದಕ್ಕೆ ಉಬ್ಬಿ ನಿಂತಿರುವುದು ಬುರುಜು ಅಥವಾ ಕೊತ್ತಲ. ಬೀದರಿನಲ್ಲಿ ಇಂಥವು 37 ಇವೆ. ಬುರುಜು ಮುಂದಕ್ಕೆ ಯಾಕೆ ಚಾಚಿದೆ? ಗೋಡೆಯ ಬುಡಕ್ಕೆ ಅಂಟಿ ನಿಂತ ಶತ್ರು ಮೇಲಿನವನ ಕಣ್ಣಿಗೆ ಬೀಳುವುದಿಲ್ಲ. ಪಕ್ಕದ ಬುರುಜಿನವನಿಗೆ ಕಾಣುತ್ತಾನೆ. ಗೋಡೆಯಿಂದ ಹೊರಕ್ಕೆ ಚಾಚಿದ, ಕೆಳಗೆ ಬಾಯಿ ಇರುವ ಪೆಟ್ಟಿಗೆಯಂಥ ಗೂಡುಗಳನ್ನೂ ಹುಡುಕಿ. ನೇರ ಕೆಳಕ್ಕೆ ಕಲ್ಲು ಹಾಕೋಕೆ ಮಾಡಿದ್ದು ಅವು.

ಹತ್ತಲು ಬಿಡುವ ಕಡೆ ಗೋಡೆಯ ಒಳಬದಿಗೆ ಹೋಗಿ, ಬಂದೂಕಿನ ಕಿಂಡಿಗಳಲ್ಲಿ ಒಂದೊಂದಾಗಿ ಕಣ್ಣಿಟ್ಟು ನೋಡಿ. ಒಂದು ಕಿಂಡಿ ದೂರದ ಬಯಲಿಗೆ ನೇರವಾಗಿರುತ್ತದೆ. ಪಕ್ಕದ್ದು ಕೆಳಕ್ಕೆ ಇಳಿಜಾರಾಗಿ ಕಂದಕದ ಕಡೆ ತಿರುಗಿರುತ್ತದೆ. ಹೊರಗಿನಿಂದ ಎರಡೂ ಒಂದೇ ತರಹದ ತೂತು. ಇದನ್ನು ಮಕ್ಕಳಿಗೆ ತೋರಿಸಿ, ಅವರು ಮುಂದಿನದನ್ನೆಲ್ಲ ತಾವೇ ಕಂಡುಹಿಡಿಯುತ್ತಾರೆ.

ಎಚ್ಚರಿಕೆ: ಬುರುಜಿನ ಮೇಲೆ ಫಿರಂಗಿ ಕಂಡ ಕೂಡಲೇ ಗೋಡೆಯೂ ಅದೇ ಕಾಲದ್ದು ಅಂದುಕೊಳ್ಳಬೇಡಿ. ಗೋಡೆ ಎದ್ದಾಗ ಇಷ್ಟು ದೊಡ್ಡ ಫಿರಂಗಿಗಳು ಇರಲಿಲ್ಲ. ಮದ್ದುಗುಂಡು ಬಂದ ಮೇಲೆ ಹಳೆಯ ಗೋಡೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಂಡರು. ಮತ್ತೆ, ಗೋಡೆಯ ಅಂಚಿಗೆ ಹೋಗಿ ಸೆಲ್ಫಿ ತೆಗೆಯಬೇಡಿ. ಗಾರೆ ಸಡಿಲಾದ ಕಲ್ಲು ನೋಡಲು ಗಟ್ಟಿಯಾಗೇ ಇರುತ್ತದೆ.

ಹಂತ 6: ಕೋಟೆಯ ಒಳಗೆ

ಇಲ್ಲಿ ಮೂರು ಜಾಗ ಸಾಕು. ಸೋಲಾ ಕಂಬ ಮಸೀದಿ, ಅಂದರೆ ಹದಿನಾರು ಕಂಬದ ಮಸೀದಿ, ಶಾಸನದ ಪ್ರಕಾರ 1423–24ರದ್ದು. ಕೋಟೆಯ ಈಗಿನ ಗೋಡೆಗಿಂತ ಹಳೆಯದು. ಸುಮಾರು 90 ಮೀಟರ್ ಉದ್ದದ ಹಜಾರ, ದಪ್ಪ ದುಂಡು ಕಂಬಗಳು. ಕಲಬುರಗಿಯಲ್ಲಿ ಕೇಳಿದ ಪ್ರಶ್ನೆಯನ್ನೇ ಇಲ್ಲಿ ಕೇಳಿ, ಉತ್ತರ ಸರಾಗವಾಗಿ ಸಿಗುತ್ತದೆ.

ರಂಗೀನ್ ಮಹಲಿಗೆ ಬೀಗ ಹಾಕಿರುವುದೇ ಜಾಸ್ತಿ. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಮೊದಲೇ ಕೇಳಿಕೊಳ್ಳಿ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಷಾಹಿ ಮನೆತನದ ಅಲಿ ಬರೀದ್ ಷಾ, 1542ರಿಂದ 1580ರವರೆಗೆ ಆಳಿದವನು, ಇದನ್ನು ಅಲಂಕರಿಸಿದ. ಕೆತ್ತನೆಯ ಮರದ ಕಂಬಗಳಿವೆ. ಕಪ್ಪು ಕಲ್ಲಿನಲ್ಲಿ ಗೆರೆ ಕೊರೆದು ಅದರೊಳಗೆ ಕಪ್ಪೆಚಿಪ್ಪಿನ ಹೊಳಪಿನ ಚೂರು ಕೂರಿಸಿದ ಕೆಲಸವಿದೆ. ಟಾರ್ಚನ್ನು ನೇರ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಚಿಪ್ಪು ಬಣ್ಣ ಬದಲಿಸುತ್ತಾ ಮಿನುಗುತ್ತದೆ. ಮುಟ್ಟಬೇಡಿ, ಒಂದು ಚೂರು ಎದ್ದರೆ ಮತ್ತೆ ಕೂರಿಸುವ ಕೈ ಸಿಗುವುದು ಕಷ್ಟ.

ಮೂರನೆಯದು ನೀರು. ಕೋಟೆ ಬೀಳುವುದು ಗೋಡೆ ಒಡೆದಾಗ ಮಾತ್ರವಲ್ಲ, ನೀರು ಮುಗಿದಾಗಲೂ. ಬಾವಿ, ಕೊಳ ಎಲ್ಲಿದೆ ಅಂತ ಕೇಳಿ ನೋಡಿ. "ಇಲ್ಲಿಂದ ಆ ಊರಿಗೆ ಗುಪ್ತ ಸುರಂಗ ಇದೆ" ಅನ್ನುವ ಮಾತನ್ನು ಪ್ರತಿ ಕೋಟೆಯಲ್ಲೂ ಕೇಳುತ್ತೀರಿ. ಬೀದರಿನಲ್ಲಿ ನಿಜವಾದ ಸುರಂಗ ಇದೆ, ಅದು ನೀರಿನದು. ಊರಾಚೆ ನೌಬಾದ್ ಕಡೆ ಜಂಬಿಟ್ಟಿಗೆಯಲ್ಲಿ ಕೊರೆದ ಕಾಲುವೆ, ಮೇಲಿಂದ ಅಲ್ಲಲ್ಲಿ ಬಾವಿಯಂತೆ ಇಳಿಸಿದ ಕಂಡಿಗಳು. ಇರಾನಿನ ಈ ಪದ್ಧತಿಗೆ ಕಾರೇಜ್ ಅನ್ನುತ್ತಾರೆ.

ಹಂತ 7: ಮಹಮೂದ್ ಗಾವಾನನ ಮದರಸ

ಊರೊಳಗೆ, ನಡೆದು ಹೋಗುವಷ್ಟೇ ದೂರ. 1472ರ ಹೊತ್ತಿಗೆ ಮುಗಿದ ಈ ವಿದ್ಯಾಲಯವನ್ನು ಕಟ್ಟಿಸಿದವನು ಬಹಮನಿಗಳ ಮಂತ್ರಿ, ಇರಾನಿನಿಂದ ಬಂದವನು. ನಡುವೆ ಅಂಗಳ, ಸುತ್ತ ಕೋಣೆಗಳು. ಮುಂಭಾಗದಲ್ಲಿ ಎರಡು ಮಿನಾರು ಇದ್ದವು, ಉಳಿದಿರುವುದು ಒಂದು, 131 ಅಡಿ. 17ನೇ ಶತಮಾನದ ಕೊನೆಗೆ ಮದ್ದು ಸಿಡಿದು ಮುಂಭಾಗದ ದೊಡ್ಡ ಪಾಲು ಹಾರಿಹೋಯಿತು.

ಮಿನಾರಿನ ನೀಲಿ ಹೆಂಚಿಗೆ ದುರ್ಬೀನು ಹಿಡಿಯಿರಿ. ಇಲ್ಲಿ ಹೆಂಚು ಅಂದರೆ ಮನೆಯ ಮೇಲಿನದಲ್ಲ, ಬಣ್ಣದ ಮೆರುಗು ಹಾಕಿ ಸುಟ್ಟ ಬಿಲ್ಲೆ. ಅಂಕುಡೊಂಕು ಪಟ್ಟೆಗಳು, ನೀಲಿಯ ಮೇಲೆ ಬಿಳಿ ಅಕ್ಷರಗಳು. ಮತ್ತೆ ಕುಸಿದ ಬದಿಗೆ ಬಂದು ಗೋಡೆಯ ಒಡಲು ನೋಡಿ. ಬಣ್ಣದ ಹೆಂಚು ತೆಳು ಚರ್ಮ, ಒಳಗೆಲ್ಲ ಕಲ್ಲು ಮತ್ತು ಗಾರೆ. ಭಾರ ಹೊತ್ತಿರುವುದು ಒಳಗಿನದು. ಹೆಂಚಿನದು ಮಾತಾಡುವ ಕೆಲಸ ಮಾತ್ರ.

ಎಚ್ಚರಿಕೆ: ಬಿದ್ದ ಹೆಂಚಿನ ಚೂರು ಕಂಡರೆ ನೆನಪಿಗೆ ಅಂತ ಜೇಬಿಗೆ ಹಾಕಿಕೊಳ್ಳಬೇಡಿ. ಅಪರಾಧ ಅನ್ನೋದು ಒಂದು ಕಡೆ, ದುರಸ್ತಿ ಮಾಡುವವರಿಗೆ ಬಣ್ಣ, ಅಳತೆ ಹೇಳುವುದು ಆ ಚೂರುಗಳೇ. ಕ್ಯಾಮರಾಕ್ಕೆ ಸ್ಟ್ಯಾಂಡ್ ಬಳಸಬೇಕಾದರೆ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.

ಹಂತ 8: ಸಂಜೆಗೆ ಅಷ್ಟೂರು

ಬೀದರಿನಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರು. ಬಹಮನಿ ಗೋರಿಗಳು ಸಾಲಾಗಿ ನಿಂತಿವೆ. ಮೊದಲು ಅಹ್ಮದ್ ಷಾನ ಗೋರಿಯ ಒಳಗೆ ಹೋಗಿ. ಗುಮ್ಮಟದ ಒಳಮೈ ತುಂಬ ಬಣ್ಣ ಮತ್ತು ಚಿನ್ನದ ಬರವಣಿಗೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಎರಡು ನಿಮಿಷ ಕೊಡಿ, ಫ್ಲ್ಯಾಶ್ ಬೇಡ. ಇಲ್ಲಿನ ಉರುಸಿಗೆ ಮುಸ್ಲಿಮರೂ ಹಿಂದೂಗಳೂ ಬರುತ್ತಾರೆ. ಈ ಸುಲ್ತಾನನನ್ನು ಅಲ್ಲಮಪ್ರಭುವೆಂದೇ ನಂಬಿ ನಡೆದುಕೊಳ್ಳುವವರು ಈ ಸೀಮೆಯಲ್ಲಿದ್ದಾರೆ. ಉರುಸಿನ ದಿನ ಜಂಗಮರೊಬ್ಬರು ಬಂದು ಶಂಖ ಊದುವ ಪದ್ಧತಿಯೂ ಬಂದಿದೆ.

ಕೊನೆಗೆ ಹುಮಾಯೂನನ ಗೋರಿ. 1461ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಇವನು, ದಿಲ್ಲಿಯ ಹುಮಾಯೂನನ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಸಿಡಿಲು ಬಡಿದು ಗುಮ್ಮಟ ಹೋಳಾಗಿದೆ. ಬಹಳ ಜನ "ಹಾಳಾಗಿದೆ" ಅಂತ ಮುಂದೆ ಹೋಗಿಬಿಡುತ್ತಾರೆ. ನೀವು ನಿಲ್ಲಿ. ಎರಡು ದಿನದಿಂದ ಹೊರಗೆ ನಿಂತು ಊಹಿಸಿದ್ದೆಲ್ಲ ಇಲ್ಲಿ ಕೊಯ್ದಿಟ್ಟ ಹಣ್ಣಿನಂತೆ ತೆರೆದಿದೆ. ಕೆಳಗೆ ಚೌಕದ ಗೋಡೆ, ಅದರ ದಪ್ಪ. ಉಳಿದ ಮೂಲೆಯಲ್ಲಿ ಅಡ್ಡಗಮಾನು. ಅದರ ಮೇಲೆ ಒಳಕ್ಕೆ ಬಾಗುತ್ತಾ ಏರಿ, ಗಾಳಿಯಲ್ಲಿ ಅರ್ಧಕ್ಕೇ ನಿಂತ ಗುಮ್ಮಟದ ಅಂಚು. ಹತ್ತಿರ ಹೋಗಿ ಕೆಳಗೆ ನಿಲ್ಲಬೇಡಿ, ದೂರದಿಂದಲೇ ಎಲ್ಲ ಕಾಣುತ್ತದೆ. ಸಂಜೆಯ ಓರೆ ಬಿಸಿಲು ಆ ಒಡಕಿನ ಮೇಲೆ ಬಿದ್ದಾಗ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯಿರಿ: ನೆತ್ತಿಯಿಂದ ಮೂಲೆಗೆ, ಮೂಲೆಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ.